ನಷ್ಟದ ಪಾಲು

ನಫೀಸಮ್ಮ ಮನೆಗೆ ಬರುತ್ತಾರೆಂದು ಗೊತ್ತಿದ್ದ ಭಾನುವಾರವೇ ಜನಾರ್ದನ ಬೆಳಿಗ್ಗೆ ಕಾಲಿಗೆ ಬುದ್ಧಿ ಹೇಳಿದ. "ಕಾರ್ಕಳದಲ್ಲಿ ಸ್ವಲ್ಪ ಕೆಲಸ ಉಂಟು" ಎಂದ. "ಭಾನುವಾರ ಎಂತ ಕೆಲಸ?" ಎಂದು ಹೆಂಡತಿ ಶ್ರೀಮತಿ ಅಡುಗೆ ಮನೆಯಿಂದ ಕೇಳುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಕುಂಜಿಬೆಟ್ಟಿನ ರಸ್ತೆಗೆ ಇಳಿದಾಗಿತ್ತು. ಕೆಲಸ ಯಾವುದೂ ಇರಲಿಲ್ಲ. ಕಾಲೇಜಿನ ಸಹೋದ್ಯೋಗಿ ರೊಸಾರಿಯೊನ ಮನೆ ಕಾರ್ಕಳದಲ್ಲಿತ್ತು, ಅಲ್ಲಿ ಊಟದ ತನಕ ಹರಟಿ ಸಂಜೆ ಹಿಂದಿರುಗಿದರೆ ನಫೀಸಮ್ಮ ಬಂದು, ಕಾದು, ಹೋಗಿರುತ್ತಾರೆ ಎಂಬುದು ಅವನ ಲೆಕ್ಕ. ಆದರೆ ರೊಸಾರಿಯೊ ಮನೆಯಲ್ಲಿರಲಿಲ್ಲ. ಬಾಗಿಲು ತೆಗೆದ ಅವನ ಹೆಂಡತಿ ಝೀಟಾ, "ಅವರು ನಾಮಕರಣಕ್ಕೆ ಹೋಗಿದ್ದಾರಲ್ಲ. ಕೂತುಕೊಳ್ಳಿ, ಎಂತ ಅರ್ಜೆಂಟಾ?" ಎಂದಳು. ಅರ್ಜೆಂಟು ಇಲ್ಲ ಎಂದು ಹೇಳಿದ ಮೇಲೆ ಅಲ್ಲಿ ಕೂರುವುದಕ್ಕೆ ಕಾರಣವೂ ಉಳಿಯಲಿಲ್ಲ. ಕಾರ್ಕಳದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಳಿಬಜೆ ತಿಂದು, ಪೇಪರಿನ ಒಂದೇ ಪುಟವನ್ನು ಮತ್ತೆ ಮತ್ತೆ ಓದಿ, ಪಕ್ಕದಲ್ಲಿದ್ದವನು "ಆಯಿತಾ ಸ್ವಾಮಿ?" ಎಂದು ಪೇಪರಿಗೆ ಕೈ ಚಾಚಿದಾಗ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಬೆಚ್ಚಿ ಕೊಟ್ಟುಬಿಟ್ಟ. ನಲವತ್ತೈದು ದಾಟಿದ, ಊರಿನ ಅರ್ಧ ಬ್ಯಾಂಕ್ ಗುಮಾಸ್ತರಿಗೆ ಕಾಮರ್ಸು ಕಲಿಸಿದ ಮನುಷ್ಯನಿಗೆ ಒಂದು ಹಗಲು ಅಡಗಿಕೊಳ್ಳಲು ಇಡೀ ತಾಲೂಕಿನಲ್ಲಿ ಜಾಗವಿಲ್ಲವೇ ಎಂದು ತನ್ನ ಮೇಲೆಯೇ ಅಸಹ್ಯಪಟ್ಟುಕೊಂಡ. ಉಡುಪಿ ಬಸ್ಸು ಬಂತು. ಹತ್ತಿದ.

ಮಳೆಗಾಲ ಶುರುವಾಗಬೇಕಿತ್ತು, ಆಗಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿ, ಸೀಟಿನ ರೆಗ್ಸಿನ್ನು ತೊಡೆಗೆ ಅಂಟಿ, ಬಸ್ಸಿನಲ್ಲಿದ್ದವರೆಲ್ಲ ಯಾರ ಮೇಲೋ ಸಿಟ್ಟಾದವರಂತೆ ಕುಳಿತಿದ್ದರು. ಹಿರಿಯಡ್ಕ ಹತ್ತಿರವಾಗುತ್ತಿದ್ದಂತೆ ಜನಾರ್ದನ ಎಡಗಡೆ ನೋಡಬಾರದೆಂದು ತೀರ್ಮಾನಿಸಿ ಬಲಗಡೆಯ ಗದ್ದೆಗಳನ್ನೇ ದಿಟ್ಟಿಸಿದ. ಆದರೂ ಆ ಗೇಟು ಬಂದಾಗ ಕುತ್ತಿಗೆ ತಾನಾಗಿ ಎಡಕ್ಕೆ ತಿರುಗಿತು. ಪಶ್ಚಿಮಾಂಬುಧಿ ಪಂಪ್ಸ್ ಲಿಮಿಟೆಡ್. ಹೆಸರೇನೋ ಬಾಯಿ ತುಂಬುವಂಥದ್ದು, ಮಾಡುತ್ತಿದ್ದದ್ದು ಬಾವಿಗೆ ಇಳಿಸುವ ನೀರಿನ ಪಂಪು. ಎರಡು ವರ್ಷದಿಂದ ಬೀಗ. ಗೇಟಿನ ಬುಡದಲ್ಲಿ ಆಳೆತ್ತರಕ್ಕೆ ಕಮ್ಯುನಿಸ್ಟ್ ಗಿಡ ಬೆಳೆದಿತ್ತು, ವಾಚ್‌ಮನ್ನಿನ ಗೂಡಿನೊಳಗೆ ಯಾರದೋ ಹಸು ಮಲಗಿತ್ತು. "ಗಟ್ಟಿ ಕಂಪೆನಿ, ಪಂಪಿಲ್ಲದೆ ಯಾರಿಗೆ ಆಗುತ್ತದೆ ಹೇಳಿ?" ಎಂದು ತಾನು ಅಂದು ನಫೀಸಮ್ಮನ ಕಾಪುವಿನ ಮನೆಯ ಚಾವಡಿಯಲ್ಲಿ ಕುಳಿತು ಕೇಳಿದ್ದು ನೆನಪಾಯಿತು.

ಆ ಮನೆಯೊಡನೆ ಅವನ ಸಂಬಂಧ ಹಳೆಯದು. ಓದುವ ಕಾಲದಲ್ಲಿ ನಫೀಸಮ್ಮನ ಗಂಡ ಕುಂಞಿ ಮೊಹಮ್ಮದರ ಜವಳಿ ಅಂಗಡಿಯ ಲೆಕ್ಕ ಬರೆದು ಅವನು ಕಾಲೇಜಿನ ಫೀಸು ಕಟ್ಟಿದ್ದ. ಅವರು ತೀರಿಕೊಂಡು, ಅಂಗಡಿ ಪಾಲಾಗಿ, ವಿಧವೆಯ ಕೈಗೆ ಹತ್ತು ಸಾವಿರ ರೂಪಾಯಿ ಬಂದಾಗ ನಫೀಸಮ್ಮ ಹೇಳಿ ಕಳಿಸಿದ್ದು ಅವನಿಗೆ. ಬ್ಯಾಂಕಿನ ಮಾತು ಎತ್ತುವ ಹಾಗೇ ಇರಲಿಲ್ಲ. "ಬಡ್ಡಿ ನಮಗೆ ಹರಾಮು ಮಾಷ್ಟ್ರೇ. ಹಂದಿ ತಿಂದ ಹಾಗೆ. ಬೇರೆ ಎಂತಾದರೂ ದಾರಿ ಉಂಟಾ?" ಎಂದು ಕೇಳಿದ್ದರು. ಕಾಲೇಜಿನಲ್ಲಿ ಕಿಟಕಿಯಾಚೆ ನೋಡುವ ಹುಡುಗರಿಗೆ ಹದಿನೈದು ವರ್ಷ ಪಾಠ ಹೇಳಿದವನಿಗೆ ಮೊದಲ ಸಲ ಒಬ್ಬ ನಿಜವಾದ ವಿದ್ಯಾರ್ಥಿನಿ ಸಿಕ್ಕಿದ ಹಾಗಾಗಿತ್ತು. ಷೇರು ಎಂದರೆ ಸಾಲವಲ್ಲ, ಪಾಲು ಎಂದು ಅವನು ವಿವರಿಸಿದ. ಕಂಪೆನಿಗೆ ಲಾಭ ಬಂದರೆ ಅದರಲ್ಲೊಂದು ಅಂಶ ಹಂಚುತ್ತಾರೆ, ಅದು ಡಿವಿಡೆಂಡು. ಲಾಭ ಇಲ್ಲದ ವರ್ಷ ಡಿವಿಡೆಂಡೂ ಇಲ್ಲ, ಕೇಳುವ ಹಾಗೂ ಇಲ್ಲ. ಷೇರಿನಲ್ಲಿಯೂ ಎರಡು ಜಾತಿ. ಪ್ರಿಫರೆನ್ಸ್ ಷೇರಿನವರಿಗೆ ಮೊದಲ ಪಂಕ್ತಿ, ವರ್ಷಕ್ಕೆ ಇಂತಿಷ್ಟೇ ಎಂದು ಮೊದಲೇ ಗೊತ್ತುಮಾಡಿದ ದರ, ಕಂಪೆನಿ ಮುಳುಗಿದರೂ ಆರ್ಡಿನರಿಯವರಿಗಿಂತ ಮುಂಚೆ ಅವರ ಹಣ ವಾಪಸು. ಆರ್ಡಿನರಿ ಷೇರಿನವರು ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುವವರು. ತುಂಬ ಉಳಿದರೆ ತುಂಬ, ಏನೂ ಉಳಿಯದಿದ್ದರೆ ಉಪವಾಸ. "ನಿಮ್ಮಂಥವರಿಗೆ ಪ್ರಿಫರೆನ್ಸೇ ಒಳ್ಳೆಯದು" ಎಂದು ಅವನು ಮುಗಿಸಿದಾಗ ನಫೀಸಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಕ್ಕಿದ್ದರು. "ಇಂತಿಷ್ಟೇ ಅಂತ ಮೊದಲೇ ಹೇಳಿ ಕೊಡುವುದಾದರೆ ಅದು ಬಡ್ಡಿಯ ತಮ್ಮನೇ ಅಲ್ವಾ? ನನಗೆ ಕೊನೆಯ ಪಂಕ್ತಿ ಸಾಕು ಮಾಷ್ಟ್ರೇ. ನಷ್ಟದಲ್ಲಿ ಪಾಲು ಇದ್ದರೆ ಮಾತ್ರ ಲಾಭ ಹಲಾಲು." ಮಸೀದಿಯ ಮುಸ್ಲಿಯಾರರು ಕಂಪೆನಿ ಸಾರಾಯಿ ಮಾಡುತ್ತದೆಯೇ, ಬಡ್ಡಿಗೆ ಕೊಡುತ್ತದೆಯೇ ಎಂದು ಕೇಳಿಸಿ, ಇಲ್ಲ, ಪಂಪು ಎಂದು ತಿಳಿದ ಮೇಲೆ ಒಪ್ಪಿದರು. ಸಾವಿರ ಆರ್ಡಿನರಿ ಷೇರು ಇಬ್ಬರ ಹೆಸರಿನಲ್ಲಿ ಬಂದವು, ಮೊದಲು ಅವನದು, ಆಮೇಲೆ ನಫೀಸಮ್ಮನದು. ಡಿವಿಡೆಂಡಿನ ಕಾಗದವನ್ನು ಬ್ಯಾಂಕ್ ಖಾತೆಗೆ ಹಾಕಬೇಕು, ಬಡ್ಡಿ ಬರುತ್ತದೆಂದು ನಫೀಸಮ್ಮ ಖಾತೆಯನ್ನೇ ಇಟ್ಟವರಲ್ಲ, ಹಾಗಾಗಿ ಕಾಗದ ಅವನ ಹೆಸರಿಗೇ ಬರುತ್ತಿತ್ತು.

ಬಸ್ಸು ಪರ್ಕಳದ ಏರು ಹತ್ತುತ್ತ ಏದುಸಿರು ಬಿಡುತ್ತಿತ್ತು. ಮೊದಲ ಮೂರು ವರ್ಷ ಎಷ್ಟು ಚೆನ್ನಾಗಿತ್ತು! ಡಿವಿಡೆಂಡು ಬಂದ ವಾರವೇ ನಗದು ಮಾಡಿಸಿಕೊಂಡು ಅವನು ಕಾಪುವಿನ ಬಸ್ಸು ಹತ್ತುತ್ತಿದ್ದ. ಗಂಡ ಕೂರುತ್ತಿದ್ದ ಬೆತ್ತದ ಕುರ್ಚಿಯನ್ನು ನಫೀಸಮ್ಮ ಅವನಿಗೆ ಹಾಕಿಸುತ್ತಿದ್ದರು. ಎಳನೀರಿನ ಬೊಂಡ ಕೆತ್ತಿ ತರುತ್ತಿದ್ದರು. ಪಕ್ಕದ ಮನೆಯ ಆಮಿನಮ್ಮ ಬಾಗಿಲ ಹಿಂದೆ ನಿಂತು, ಮಗ ದುಬೈಯಿಂದ ಕಳಿಸಿದ ಹಣವನ್ನು ಏನು ಮಾಡಲಿ ಎಂದು ಕೇಳುತ್ತಿದ್ದಳು. ಇತ್ತ ಉಡುಪಿಯಲ್ಲಿ ಅವನನ್ನು ದಾಟಿ ಕಿರಿಯನೊಬ್ಬ ವಿಭಾಗದ ಮುಖ್ಯಸ್ಥನಾಗಿದ್ದ. ಹುಡುಗರು ಬೆನ್ನ ಹಿಂದೆ ಅವನನ್ನು 'ಸಸ್ಪೆನ್ಸ್ ಅಕೌಂಟು', ಅಂದರೆ ಯಾವ ಲೆಕ್ಕಕ್ಕೂ ಸೇರದ ಬಾಬತ್ತು, ಎನ್ನುತ್ತಿದ್ದರು. ಮನೆಯಲ್ಲಿ ಶ್ರೀಮತಿ, "ಊರಿಗೆಲ್ಲ ಷೇರು ಹೇಳಿಕೊಡ್ತೀರಿ, ನಮಗೆ ಒಂದು ಫ್ಯಾನು ತರಲಿಕ್ಕೆ ಆಗ್ಲಿಲ್ಲ" ಎನ್ನುತ್ತಿದ್ದಳು. ಜಗತ್ತಿನಲ್ಲಿ ತನ್ನನ್ನು ತಿಳಿದವನೆಂದು ನಂಬಿದ ಮನೆ ಅದೊಂದೇ ಎಂಬುದು ಅವನಿಗೆ ಗೊತ್ತಿತ್ತು. ಆ ಕುರ್ಚಿಯಲ್ಲಿ ಕುಳಿತಾಗ ಅವನ ದನಿಯೂ ಬೇರೆಯಾಗುತ್ತಿತ್ತು.

ನಾಲ್ಕನೆಯ ವರ್ಷ ಡಿವಿಡೆಂಡು ಬರಲಿಲ್ಲ. ಅದನ್ನು ಹೇಳಲೆಂದೇ ಅವನು ಕಾಪುವಿಗೆ ಹೋದದ್ದು, ದೇವರಾಣೆ ಹೇಳಲೆಂದೇ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದ ಸಹ. ಆದರೆ ಅಂದು ಚಾವಡಿಯಲ್ಲಿ ಆಮಿನಮ್ಮನ ಜೊತೆ ಇನ್ನಿಬ್ಬರು ಹೆಂಗಸರಿದ್ದರು. "ಇವರೇ ನಮ್ಮ ಮಾಷ್ಟ್ರು" ಎಂದು ನಫೀಸಮ್ಮ ಅವರಿಗೆ ತೋರಿಸಿ, ಕುರ್ಚಿಯ ಧೂಳನ್ನು ತಾವೇ ಸೆರಗಿನಿಂದ ಒರಸಿ, "ಈ ಸಲ ಎಷ್ಟು ಕೊಟ್ಟಿತು ನಮ್ಮ ಕಂಪೆನಿ?" ಎಂದರು. ಆ ದಿನ ಸಂಬಳವಾಗಿತ್ತು. ಜೇಬಿನಲ್ಲಿ ಕವರು ಇತ್ತು. ಕೈ ಅದರೊಳಗೆ ಹೋದದ್ದನ್ನು ಅವನು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ. "ಸಾವಿರದ ಇನ್ನೂರು" ಎಂದ. ಕರುಣೆಯಿಂದ ಕೊಟ್ಟೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಸುಳ್ಳು. ಆ ಮೂವರು ಹೆಂಗಸರ ಮುಂದೆ ಅವನಿಗೆ ಕುರ್ಚಿಯಿಂದ ಇಳಿಯಲು ಆಗಲಿಲ್ಲ, ಅಷ್ಟೆ. ಕರುಣೆಯಿಂದ ಕೊಡುವವನಾಗಿದ್ದರೆ ಶ್ರೀಮತಿಯ ಎರಡು ಬಳೆ ಸಹಕಾರಿ ಸಂಘದಲ್ಲಿ ಅಡವು ಬೀಳುತ್ತಿರಲಿಲ್ಲ. ಒಮ್ಮೆ ಕೊಟ್ಟ ಮೇಲೆ ಮರುವರ್ಷ ಕೊಡದಿರುವುದು ಹೇಗೆ? ಐದು ವರ್ಷ ಕೊಟ್ಟ. ಪ್ರತಿ ಸಲವೂ ಅದೇ ಸಾವಿರದ ಇನ್ನೂರು. "ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ?" ಎಂದು ಒಂದು ವರ್ಷ ನಫೀಸಮ್ಮ ಅನುಮಾನದಿಂದಲ್ಲ, ಆಶ್ಚರ್ಯದಿಂದ ಕೇಳಿದಾಗ, "ಒಳ್ಳೆಯ ಆಡಳಿತದ ಕಂಪೆನಿ ಹಾಗೆಯೇ" ಎಂದಿದ್ದ. ಹಿಂದಿರುಗುವ ಬಸ್ಸಿನಲ್ಲಿ, ಕಡಲ ಕಡೆಯ ಗಾಳಿ ಮುಖಕ್ಕೆ ಹೊಡೆಯುತ್ತಿದ್ದಾಗ, ಅವನಿಗೆ ತಟ್ಟನೆ ಹೊಳೆಯಿತು. ಲಾಭವಿರಲಿ ಇಲ್ಲದಿರಲಿ ವರ್ಷ ವರ್ಷ ಅದೇ ಮೊತ್ತ. ಆ ಹೆಂಗಸು ಯಾವುದನ್ನು ಹಂದಿಯ ಮಾಂಸ ಎಂದಿದ್ದಳೋ ಅದನ್ನೇ ತಾನು ಅವಳ ಬಟ್ಟಲಿಗೆ ಬಡಿಸುತ್ತಿದ್ದೇನೆ. ಅಸಲೂ ಮುಳುಗಿತ್ತು. ಆ ಷೇರುಗಳನ್ನು ಈಗ ಹರಿದು ಒಲೆ ಹೊತ್ತಿಸಬಹುದಿತ್ತು.

ಹಾಗಿದ್ದರೂ ಹೇಗೋ ನಡೆದುಹೋಗುತ್ತಿತ್ತು, ಕಳೆದ ವಾರ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಫೀಸಮ್ಮನ ತಮ್ಮ ಅಬ್ದುಲ್ ವಹಾಬ್ ಸಿಗದೆ ಇದ್ದಿದ್ದರೆ. ವಹಾಬನ ಮುಖ ಹೊಳೆಯುತ್ತಿತ್ತು. "ಗೊತ್ತಾಯಿತಾ ಮಾಷ್ಟ್ರೇ? ನನಗೂ ಅಕ್ಕನಿಗೂ ಹಜ್ಜಿಗೆ ಹೆಸರು ಬಂತು. ಬೊಂಬಾಯಿಯಿಂದ ಹಡಗು. ಅಕ್ಕ ಯಾರ ಒಂದು ಪೈಸೆ ಸೇರಿಸಲಿಲ್ಲ, ನಾನು ಕೊಡ್ತೇನೆಂದರೂ ಬೇಡ ಎಂದಳು. ಎಲ್ಲ ನಿಮ್ಮ ಡಿವಿಡೆಂಡಿನ ಹಣವೇ. ಒಂದು ರೂಪಾಯಿ ಮುಟ್ಟದೆ ತಗಡಿನ ಡಬ್ಬದಲ್ಲಿ ಇಟ್ಟಿದ್ದಳು." ಅಕ್ಕ ಹೊರಡುವ ಮುಂಚೆ ಪರಿಚಯದವರ ಮನೆಮನೆಗೆ ಹೋಗಿ ಮಾಫಿ ಕೇಳುತ್ತಿದ್ದಾಳೆ, ಭಾನುವಾರ ನಿಮ್ಮಲ್ಲಿಗೆ ಬರುತ್ತಾಳೆ ಎಂದೂ ಹೇಳಿದ. ಹಜ್ಜಿನ ಹಣ ಶುದ್ಧವಾಗಿರಬೇಕು, ಯಾರ ಋಣವೂ ಉಳಿಯಬಾರದು ಎಂಬುದು ಕಾಪುವಿನಲ್ಲಿ ಹುಟ್ಟಿ ಬೆಳೆದ ಜನಾರ್ದನನಿಗೆ ಹೊಸದಾಗಿ ತಿಳಿಯಬೇಕಾದ ಸಂಗತಿಯಲ್ಲ. ಬಸ್ ಏಜೆಂಟರ ಕೂಗಾಟದ ನಡುವೆ, "ಭಾರೀ ಸಂತೋಷ" ಎಂದು ಅವನು ವಹಾಬನ ಭುಜ ತಟ್ಟಿದ್ದ.

ಕುಂಜಿಬೆಟ್ಟಿನಲ್ಲಿ ಇಳಿದು ಓಣಿಗೆ ತಿರುಗಿದಾಗ ಮನೆಯ ಮುಂದೆ ಬಾಡಿಗೆಯ ಅಂಬಾಸಿಡರ್ ಕಾರು ನಿಂತಿತ್ತು. ಬಾನೆಟ್ಟಿಗೆ ಒರಗಿದ್ದ ವಹಾಬ್, "ಬಂದಿರಾ! ಸಂಜೆಯಾದರೂ ಸರಿ, ನಿಮ್ಮನ್ನು ನೋಡದೆ ಏಳುವುದಿಲ್ಲ ಅಂತ ಕೂತಿದ್ದಾಳೆ" ಎಂದು ನಕ್ಕ. ಪಕ್ಕದ ಮನೆಯ ಜಗಲಿಯಿಂದ ನಿವೃತ್ತ ಪೋಸ್ಟ್ ಮಾಸ್ಟರ್ ಅನಂತಪದ್ಮನಾಭ ರಾಯರು, ಕನ್ನಡಕ ಏರಿಸಿ ನೋಡುತ್ತಿದ್ದರು. ಒಳಗೆ ನಫೀಸಮ್ಮ ನೆಲಕ್ಕೆ ಹಾಸಿದ ಚಾಪೆಯ ಮೇಲೆ ಕುಳಿತು ಶ್ರೀಮತಿಯೊಡನೆ ಮಾತಾಡುತ್ತಿದ್ದರು. ಬಿಳಿ ಸೀರೆ, ಕೈಯಲ್ಲಿ ಒಂದು ಬಳೆಯೂ ಇಲ್ಲ. ಮುಖ ಮಾತ್ರ ಮದುವೆಗೆ ಹೊರಟ ಹುಡುಗಿಯದರಂತೆ ಇತ್ತು. ಅದನ್ನು ನೋಡಿ ಜನಾರ್ದನನಿಗೆ ಭಯವಾಯಿತು.

"ಮಾಷ್ಟ್ರೇ, ನಾನು ಹೋಗುವವಳು. ಹಿಂದೆ ಬರುತ್ತೇನೋ ಅಲ್ಲಿಯೇ ಮಣ್ಣಾಗುತ್ತೇನೋ ಗೊತ್ತಿಲ್ಲ. ನನ್ನ ಮಾತಿನಿಂದ, ಕೈಯಿಂದ ನಿಮಗೆ ಬೇಸರವಾಗಿದ್ದರೆ ಮಾಫು ಮಾಡಬೇಕು. ನಿಮಗೆ ನನ್ನಿಂದ ಬರಬೇಕಾದದ್ದು ಏನಾದರೂ ಉಂಟಾ? ಒಂದು ಬಸ್ ಚಾರ್ಜಾದರೂ ಹೇಳಿಬಿಡಿ. ಋಣ ಹೊತ್ತುಕೊಂಡು ಆ ಮಣ್ಣು ಮೆಟ್ಟಬಾರದು."

"ಏನೂ ಇಲ್ಲ" ಎಂದ ಜನಾರ್ದನ.

ಎಷ್ಟು ಸುಲಭವಾಗಿತ್ತು! ಒಂದು ವಾರ ನಿದ್ದೆಗೆಡಿಸಿದ ಘಳಿಗೆ ಎರಡೇ ಮಾತಿನಲ್ಲಿ ಮುಗಿದೇಹೋಯಿತು. ಅವರು ಹೋಗುತ್ತಾರೆ, ಬರುತ್ತಾರೆ. ದೇವರಿಗೆ ಮನಸ್ಸು ಕಾಣುತ್ತದೆ ಹೊರತು ನೋಟಿನ ನಂಬರ್ ಕಾಣುವುದಿಲ್ಲ. ಅವನಿಗೆ ಕುಣಿಯುವಷ್ಟು ಹಗುರವಾಯಿತು. "ಚಾ ಮಾಡು" ಎಂದು ಶ್ರೀಮತಿಗೆ ಹೇಳುವಷ್ಟು ಧೈರ್ಯವೂ ಬಂತು.

"ಚಾ ಬೇಡ, ಹೊತ್ತಾಯಿತು" ಎಂದು ನಫೀಸಮ್ಮ ಮೊಣಕಾಲು ಹಿಡಿದು ಎದ್ದರು. "ಇನ್ನು ಹಿರಿಯಡ್ಕಕ್ಕೆ ಹೋಗಬೇಕು."

"ಹಿರಿಯಡ್ಕದಲ್ಲಿ ಯಾರು?"

"ನಮ್ಮ ಕಂಪೆನಿಯವರು. ಪಂಪು ಮಾಡುವ ಮಕ್ಕಳು. ನೀವೇ ಹೇಳಿದ್ದಲ್ವಾ, ಷೇರು ಅಂದರೆ ಪಾಲು, ನಾನೂ ಅದರ ಒಂದು ಯಜಮಾನಿ ಅಂತ? ಎಂಟು ವರ್ಷ ಅವರ ಬೆವರಿನ ಪಾಲು ತೆಗೆದುಕೊಂಡೆ, ಒಂದು ದಿನ ಮುಖ ನೋಡಲಿಲ್ಲ. ಅವರಿಗೆ ಸರಿಯಾಗಿ ಕೂಲಿ ಕೊಟ್ಟಿದ್ದಾರೋ ಇಲ್ಲವೋ, ಯಾರ ಕಣ್ಣೀರು ಅದರಲ್ಲಿ ಉಂಟೋ. ಗೇಟಿನ ಹತ್ತಿರ ನಿಂತು ಮಾಫಿ ಕೇಳಿ ಬರುತ್ತೇನೆ. ಕಲ್ಲುಸಕ್ಕರೆ ಕಟ್ಟಿಸಿಕೊಂಡು ಬಂದಿದ್ದೇನೆ, ಎಲ್ಲರಿಗೂ ಕೊಡಲಿಕ್ಕೆ."

ಭಾನುವಾರ ರಜೆ ಎನ್ನಬಹುದಿತ್ತು. ಎಂದ ಕೂಡ. ವಾಚ್‌ಮನ್ ಇರುತ್ತಾನಲ್ಲ, ಅವನ ಹತ್ತಿರ ಹೇಳಿ ನಾಳೆ ಮತ್ತೆ ಬರುತ್ತೇನೆ ಎಂದರು ನಫೀಸಮ್ಮ. ಆ ಗೂಡಿನಲ್ಲಿ ಮಲಗಿದ್ದ ಹಸುವಿನ ಮುಂದೆ ಸಕ್ಕರೆಯ ಪೊಟ್ಟಣ ಹಿಡಿದು ನಿಲ್ಲುವ ಈ ಹೆಂಗಸನ್ನು ಜನಾರ್ದನ ಕಣ್ಣಾರೆ ಕಂಡ. ಊರಿನ ಯಾರೋ ಬಂದು, 'ಇದು ಮುಚ್ಚಿ ಎಷ್ಟು ಕಾಲವಾಯಿತು ಅಮ್ಮ' ಎನ್ನುವುದನ್ನು ಕೇಳಿದ.

"ಅಲ್ಲಿ ಯಾರೂ ಇಲ್ಲ. ಫ್ಯಾಕ್ಟರಿ ಮುಚ್ಚಿದೆ."

"ಯಾವಾಗ?"

"ಎರಡು ವರ್ಷವಾಯಿತು."

"ಮತ್ತೆ ಹೋದ ವರ್ಷ ಕೊಟ್ಟದ್ದು?"

ಬಾಗಿಲಲ್ಲಿ ನಿಂತಿದ್ದ ಶ್ರೀಮತಿಯ ಕೈ ತನ್ನ ಬೋಳು ಮಣಿಕಟ್ಟನ್ನು ಮುಟ್ಟಿಕೊಂಡಿತು. ಅವಳಿಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

"ಅದರ ಹಿಂದಿನದ್ದು?" ನಫೀಸಮ್ಮ ಕೇಳಿದರು. ಆಮೇಲೆ ಅದಕ್ಕೂ ಹಿಂದಿನದ್ದು. ಅವನು ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸುತ್ತಾ ಹೋದ. "ಮೊದಲ ಮೂರು ವರ್ಷದ್ದು ಕಂಪೆನಿಯದ್ದೇ" ಎಂದು ಕೊನೆಗೆ ಹೇಳಿದ. ಅದರಲ್ಲೂ ಒಂದು ಹೆಮ್ಮೆಯ ಎಳೆ ದನಿಯೊಳಗೆ ನುಸುಳಿದ್ದು ಕೇಳಿ ಅವನಿಗೆ ನಾಚಿಕೆಯಾಯಿತು.

ನಫೀಸಮ್ಮ ಮತ್ತೆ ಚಾಪೆಯ ಮೇಲೆ ಕುಳಿತರು. ಬೈಯುತ್ತಾರೆಂದು ಅವನು ಕಾದ. ಬೈದಿದ್ದರೆ ಆಗುತ್ತಿತ್ತು.

"ಎಲ್ಲ ಒಂದೇ ಡಬ್ಬದಲ್ಲಿ ಹಾಕಿದ್ದೆ" ಎಂದರು. "ಈಗ ಯಾವುದು ಯಾವುದು ಅಂತ ಹೇಗೆ ಹೇಳುವುದು?"

"ನಾನು ಸಂತೋಷದಿಂದ ಕೊಟ್ಟದ್ದು. ಕುಂಞಿ ಮೊಹಮ್ಮದರ ಅನ್ನ ತಿಂದವನು ನಾನು. ದಾನ ಅಂತ ತಿಳಿದುಕೊಳ್ಳಿ."

"ದಾನ ತೆಗೆದುಕೊಂಡು ಬದುಕುವ ಹೆಂಗಸಿಗೆ ಹಜ್ಜು ಕಡ್ಡಾಯವೇ ಇಲ್ಲ ಮಾಷ್ಟ್ರೇ. ಅದು ಇದ್ದವರಿಗೆ." ಹೊರಗೆ ವಹಾಬ್ ಡ್ರೈವರನೊಡನೆ ಏನೋ ಹೇಳಿ ನಗುತ್ತಿದ್ದ. "ಕಂಪೆನಿ ಮುಳುಗಿದ್ದಕ್ಕೆ ನನಗೆ ಬೇಸರವಿಲ್ಲ. ಮುಳುಗಬಹುದು ಅಂತ ನೀವು ಮೊದಲೇ ಹೇಳಿದ್ದಿರಿ. ಅದಕ್ಕೇ ಅಲ್ವಾ ನಾನು ಒಪ್ಪಿದ್ದು? ಲಾಭ ಮೇಲಿನವನು ಕೊಡುವುದು, ನಷ್ಟವೂ ಅವನೇ ಕೊಡುವುದು. ಆ ನಷ್ಟ ನನ್ನದು. ಅದನ್ನು ನನಗೆ ಕೊಡದೆ ನೀವು ಯಾಕೆ ಇಟ್ಟುಕೊಂಡಿರಿ?"

ಇಷ್ಟು ವರ್ಷ ತಾನು ಕೊಟ್ಟವನೆಂದೇ ಜನಾರ್ದನ ತಿಳಿದಿದ್ದ. ತಪ್ಪು ಮಾಡಿದೆ ಎಂದು ನರಳುವಾಗಲೂ, ತಪ್ಪಾಗಿ ಕೊಟ್ಟವನು ಎಂದೇ ನರಳಿದ್ದ. "ಮಾಫು ಮಾಡಬೇಕು" ಎಂದಾಗ ಅದು ಯಾರೋ ಬಾಯಿಪಾಠ ಮಾಡಿಸಿದ್ದಂತೆ ಕೇಳಿತು.

"ಅದನ್ನು ಕೇಳಲಿಕ್ಕೆ ಬಂದವಳು ನಾನು." ನಫೀಸಮ್ಮ ಎದ್ದರು. "ಮಾಡಿದ್ದೇನೆ. ನೀವು ಬದುಕಿಕೊಳ್ಳಿ. ಕಟ್ಟಿದ ಹಣ ಹಿಂದೆ ಸಿಕ್ಕಿದ ಮೇಲೆ ವಹಾಬನ ಹತ್ತಿರ ಕಳಿಸುವುದಿಲ್ಲ, ನಾನೇ ತಂದುಕೊಡುತ್ತೇನೆ. ಅವನಿಗೆ ತಿಳಿಯುವುದು ಬೇಡ." ಬಾಗಿಲು ದಾಟುವಾಗ ಶ್ರೀಮತಿಯ ಕೈ ಹಿಡಿದು ಒತ್ತಿದರು. ಶ್ರೀಮತಿ ಗಂಡನ ಕಡೆ ನೋಡದೆ ಒಳಗೆ ಹೋದಳು.

ಕಾರಿನ ಬಾಗಿಲು ತೆರೆದು ನಿಂತಿದ್ದ ವಹಾಬ್, "ಹಿರಿಯಡ್ಕಕ್ಕಲ್ವಾ?" ಎಂದ.

"ಮನೆಗೆ" ಎಂದರು ನಫೀಸಮ್ಮ. "ವಹಾಬ್, ಈ ಸಲ ನೀನು ಹೋಗಿ ಬಾ. ನನಗೆ ಮೇಲಿನವನ ಕರೆ ಬರಲಿಲ್ಲ."

ವಹಾಬ್ ಮೊದಲು ತಮಾಷೆ ಎಂದುಕೊಂಡ. ಆಮೇಲೆ ಅಕ್ಕನ ಮುಖ ನೋಡಿದ. "ಎಂತ ಹೇಳುವುದು ನೀನು? ಹೆಸರು ಬಂದಾಗಿದೆ, ಹಣ ಕಟ್ಟಿಯಾಗಿದೆ, ಊರಿಗೆಲ್ಲ ಹೇಳಿಯಾಗಿದೆ. ಮೈಯಲ್ಲಿ ಹುಷಾರಿಲ್ವಾ? ಯಾರು ಎಂತ ಹೇಳಿದರು?" ನಫೀಸಮ್ಮ ಉತ್ತರ ಕೊಡದೆ ಹಿಂದಿನ ಸೀಟಿನಲ್ಲಿ ಕುಳಿತು ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ವಹಾಬ್ ಕಾರನ್ನು ಬಳಸಿ ಜನಾರ್ದನನ ಹತ್ತಿರ ಬಂದು ಅವನ ಎರಡೂ ಕೈ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು. "ಮಾಷ್ಟ್ರೇ, ನೀವಾದರೂ ಸ್ವಲ್ಪ ಹೇಳಿ ಮಾರಾಯ್ರೆ. ಮುಸ್ಲಿಯಾರರ ಮಾತು ಮೀರಿಯಾಳು, ನಿಮ್ಮ ಮಾತು ಮೀರುವವಳಲ್ಲ."

ಅನಂತಪದ್ಮನಾಭ ರಾಯರು ಜಗಲಿಯಿಂದ ಇಳಿದು ಬೇಲಿಯ ತನಕ ಬಂದಿದ್ದರು. ಡ್ರೈವರ್ ಬೀಡಿ ಎಸೆದು ನೋಡುತ್ತಿದ್ದ. ಒಂದು ವಾಕ್ಯ ಸಾಕಿತ್ತು. ಆ ವಾಕ್ಯ ಜನಾರ್ದನನ ಬಾಯಿಯೊಳಗೆ, ಹಲ್ಲಿನ ಹಿಂದೆಯೇ ಇತ್ತು. ಅದನ್ನು ಹೇಳಿದರೆ ತಮ್ಮನಿಗಾದರೂ ಅಕ್ಕನ ಮೇಲಿನ ಸಿಟ್ಟು ಹೋಗುತ್ತಿತ್ತು, ಊರಿಗಾದರೂ ನಿಜ ತಿಳಿಯುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. ಬಂದದ್ದು ಬೆತ್ತದ ಕುರ್ಚಿಯ ಆ ದನಿ.

"ನೋಡಿ ವಹಾಬ್, ಇಂಥದ್ದಕ್ಕೆಲ್ಲ ಒಂದು ಕ್ರಮ ಉಂಟು" ಎಂದ. "ಕರೆ ಬಾರದೆ ಹೋಗಬಾರದು. ಬಲವಂತ ಮಾಡುವುದು ಸರಿಯಲ್ಲ. ಅವರು ಹೇಳುವುದೇ ಸರಿ."

ವಹಾಬ್ ಅವನನ್ನೇ ನೋಡಿದ. ಆಮೇಲೆ ನಿಧಾನವಾಗಿ ತಲೆಯಾಡಿಸಿ, ಕೈಬಿಟ್ಟು, ತೋಳಿನಿಂದ ಕಣ್ಣೊರಸಿಕೊಂಡ.

"ನೀವು ಹೇಳಿದ ಮೇಲೆ ಆಯಿತು ಮಾಷ್ಟ್ರೇ" ಎಂದ. "ನಮಗೆ ಅಷ್ಟೆಲ್ಲ ಎಲ್ಲಿ ತಿಳಿಯುತ್ತದೆ."